ತಿಮಿಂಗಿಲಕ್ಕೆ ಕಾಲಿದ್ದಾಗ

ಕಲ್ಲಿನೊಳಗಿಂದ ತಲೆಬುರುಡೆಯನ್ನು ಬಿಡಿಸುತ್ತಿದ್ದವರ ಕೈ ಒಂದಿಷ್ಟು ತಪ್ಪಿತು. ಬುರುಡೆಯ ಕಿವಿಯ ಹತ್ತಿರ ಒಂದು ಚೂರು ಚಟ್ಟನೆ ಒಡೆದುಹೋಯಿತು. ಪಳೆಯುಳಿಕೆಗಳ ಪ್ರಯೋಗಾಲಯದಲ್ಲಿ ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ. ಆದರೆ ಒಡೆದ ಆ ಚೂರನ್ನು ಕೈಗೆತ್ತಿಕೊಂಡು ನೋಡಿದ ಹಾನ್ಸ್ ಥೆವಿಸನ್ ಎಂಬ ವಿಜ್ಞಾನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಮಧ್ಯಕಿವಿಯನ್ನು ಚಿಪ್ಪಿನ ಹಾಗೆ ಸುತ್ತುವರಿದ ಮೂಳೆಯ ಒಳಗೋಡೆ ದಪ್ಪನೆ ಉಬ್ಬಿಕೊಂಡಿತ್ತು. ಹೊರಗೋಡೆ ತೆಳ್ಳಗಿತ್ತು. ಇಂಥ ಕಿವಿ ಜಗತ್ತಿನಲ್ಲಿ ಇರುವುದು ಒಂದೇ ಒಂದು ಕುಲಕ್ಕೆ. ತಿಮಿಂಗಿಲಗಳಿಗೆ, ಅವುಗಳ ಬಳಗವಾದ ಡಾಲ್ಫಿನ್ನುಗಳಿಗೆ! ಆದರೆ ಮೇಜಿನ ಮೇಲಿದ್ದದ್ದು ತಿಮಿಂಗಿಲವಲ್ಲ. ನಾಲ್ಕು ಸಣಕಲು ಕಾಲುಗಳ, ಗೊರಸುಳ್ಳ, ಬೆಕ್ಕಿನ ಗಾತ್ರದ ಒಂದು ಪ್ರಾಣಿ. ನೋಡಲಿಕ್ಕೆ ಪುಟ್ಟ ಜಿಂಕೆ, ಕಿವಿಯಲ್ಲಿ ಮಾತ್ರ ತಿಮಿಂಗಿಲ.

ಆ ಕಲ್ಲು ಬಂದದ್ದು ಎಲ್ಲಿಂದ ಗೊತ್ತೇ? ನಮ್ಮದೇ ದೇಶದ ಜಮ್ಮು ಸೀಮೆಯ ಕಾಲಾಕೋಟ್‌ನಿಂದ. ಎ. ರಂಗರಾವ್ ಎಂಬ ಭಾರತೀಯ ಭೂವಿಜ್ಞಾನಿ ಅಲ್ಲಿನ ಬೆಟ್ಟಗಳಲ್ಲಿ ಅಲೆದು ಮೂಳೆ ತುಂಬಿದ ಕಲ್ಲುಗಳನ್ನು ಒಟ್ಟು ಹಾಕಿದ್ದರು. 1971ರಲ್ಲಿ ಆ ಪ್ರಾಣಿಗೆ ಇಂಡೋಹ್ಯೂಸ್ ಎಂದು ಹೆಸರಿಟ್ಟವರೂ ಅವರೇ. ಆದರೆ ರಾಶಿಯಲ್ಲಿದ್ದ ಕಲ್ಲುಗಳನ್ನೆಲ್ಲ ಬಿಡಿಸಿ ನೋಡುವ ಮೊದಲೇ ಅವರು ತೀರಿಕೊಂಡರು. ಅವರ ಪತ್ನಿ ಆ ಕಲ್ಲುಗಳನ್ನು ವರ್ಷಗಟ್ಟಲೆ ಜೋಪಾನ ಮಾಡಿದರು. ಕೊನೆಗೆ ಥೆವಿಸನ್ ಅವರ ಕೈಗೆ ಒಪ್ಪಿಸಿದರು. ಥೆವಿಸನ್, ರೂರ್ಕಿಯ ಸುನಿಲ್ ಬಾಜಪೇಯಿ ಮತ್ತು ಅವರ ಜೊತೆಗಾರರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸುದ್ದಿಯನ್ನು ಹೊರಗೆಡವಿದಾಗ ಪ್ರಾಣಿವಿಜ್ಞಾನದ ಜಗತ್ತೇ ಎದ್ದು ಕೂತಿತು. ಸುಮಾರು 4.8 ಕೋಟಿ ವರ್ಷಗಳ ಹಿಂದೆ ಭಾರತದ ಹೊಳೆದಂಡೆಯಲ್ಲಿ ಓಡಾಡಿಕೊಂಡಿದ್ದ ಈ ಮೃಗ ತಿಮಿಂಗಿಲಗಳ ತೀರಾ ಹತ್ತಿರದ ನೆಂಟ. ನೇರ ಅಜ್ಜನಲ್ಲ, ದೊಡ್ಡಪ್ಪನ ಮಗ ಎನ್ನಬಹುದು. ರಂಗರಾವ್ ಎಂಬ ಹೆಸರು ನಮ್ಮ ಶಾಲೆಯ ಮಕ್ಕಳ ಬಾಯಲ್ಲಿ ಇರಬೇಕಿತ್ತು ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಇಂಡೋಹ್ಯೂಸ್‌ನ ಕಾಲಿನ ಮೂಳೆಯನ್ನು ಅಡ್ಡಲಾಗಿ ಕೊಯ್ದು ನೋಡಿದರು. ಓಡುವ ಪ್ರಾಣಿಯ ಎಲುಬು ಒಳಗೆ ಟೊಳ್ಳಾಗಿ ಹಗುರವಾಗಿರಬೇಕು. ಇದರದ್ದು ದಪ್ಪ ಗೋಡೆಯ ಭಾರದ ಎಲುಬು. ಇಂಥ ಎಲುಬು ಬೇಕಾಗುವುದು ನೀರಿನಲ್ಲಿ ತೇಲಿಹೋಗದೆ ತಳದಲ್ಲಿ ಕಾಲೂರಿ ನಡೆಯುವವರಿಗೆ. ಇಂದಿನ ನೀರಾನೆಗೆ ಇರುವುದೂ ಅದೇ. ಹಲ್ಲಿನೊಳಗೆ ಸಿಕ್ಕಿಬಿದ್ದಿದ್ದ ಆಮ್ಲಜನಕದ ಐಸೋಟೋಪುಗಳೂ, ಅಂದರೆ ಬೇರೆ ಬೇರೆ ತೂಕದ ಪರಮಾಣುಗಳೂ, ಇದು ನೀರಿನಲ್ಲಿ ಬಹಳ ಹೊತ್ತು ಕಳೆಯುತ್ತಿದ್ದ ಜೀವಿ ಎಂದೇ ಹೇಳಿದವು. ಆಫ್ರಿಕದ ಮಳೆಕಾಡಿನಲ್ಲಿ ಇವತ್ತಿಗೂ ಒಂದು ಪುಟಾಣಿ ಜಿಂಕೆಯಂಥ ಪ್ರಾಣಿಯಿದೆ. ಹದ್ದು ಎರಗಿ ಬಂದರೆ ಅದು ಪೊದೆಗೆ ಓಡುವುದಿಲ್ಲ, ನೀರಿಗೆ ಧುಮುಕಿ ಮುಳುಗಿ ಕೂರುತ್ತದೆ! ತಿಮಿಂಗಿಲದ ಕಥೆ ಶುರುವಾದದ್ದು ಹೀಗೆ ಜೀವ ಉಳಿಸಿಕೊಳ್ಳುವ ಒಂದು ಮುಳುಗಿನಲ್ಲಿ ಇರಬಹುದು ಎಂದು ಥೆವಿಸನ್ ತಂಡ ಊಹಿಸಿತು. ಭೂಮಿಯ ಮೇಲೆ ಈವರೆಗೆ ಬದುಕಿದ ಅತಿ ದೊಡ್ಡ ಪ್ರಾಣಿ ನೀಲಿ ತಿಮಿಂಗಿಲ. ಅದರ ವಂಶದ ಬುಡದಲ್ಲಿ ಹದ್ದಿಗೆ ಹೆದರಿದ ಬೆಕ್ಕಿನಷ್ಟು ಗಾತ್ರದ ಒಂದು ಜೀವ!

ಇದನ್ನು ಓದಿದ ಮೇಲೆ ಕಾರವಾರದ ಕಡಲಲ್ಲಿ ಡಾಲ್ಫಿನ್ ನೋಡಲು ದೋಣಿ ಹತ್ತಿದರೆ ಕಾಣುವುದೇ ಬೇರೆ. ಬಾಲವನ್ನು ಗಮನಿಸಿ. ಮೀನಿನ ಬಾಲ ಲಂಬವಾಗಿ ನಿಂತಿರುತ್ತದೆ, ಎಡಕ್ಕೂ ಬಲಕ್ಕೂ ಬೀಸುತ್ತದೆ. ಡಾಲ್ಫಿನ್ನಿನ ಬಾಲ ಅಡ್ಡಲಾಗಿ ಮಲಗಿರುತ್ತದೆ, ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ. ಯಾಕೆ? ನಾಯಿ ನಾಗಾಲೋಟದಲ್ಲಿ ಓಡುವಾಗ ಬೆನ್ನು ಹೇಗೆ ಬಾಗಿ ಏಳುತ್ತದೆ ನೋಡಿ, ಅದೂ ಮೇಲಕ್ಕೆ ಕೆಳಕ್ಕೆ. ನೆಲದ ಮೇಲೆ ಓಡಲು ರೂಪುಗೊಂಡ ಬೆನ್ನುಮೂಳೆಯ ಕಂಬವೇ ಕಡಲಿಗಿಳಿದು ಈಜು ಕಲಿತಿದೆ. ಡಾಲ್ಫಿನ್ ಕಡಲೊಳಗೆ ಓಡುತ್ತಿದೆ!

ಚಾರ್ಲ್ಸ್ ಡಾರ್ವಿನ್‌ಗೆ ಕಾಲಿರುವ ತಿಮಿಂಗಿಲದ ಪಳೆಯುಳಿಕೆ ಒಂದೂ ಸಿಕ್ಕಿರಲಿಲ್ಲ. 1859ರಲ್ಲಿ ‘ಜೀವಿ ಪ್ರಭೇದಗಳ ಉಗಮ’ದ ಮೊದಲ ಮುದ್ರಣದಲ್ಲಿ ಆತ ಒಂದು ಧೈರ್ಯದ ಮಾತು ಬರೆದ. ಉತ್ತರ ಅಮೆರಿಕದ ಕಪ್ಪು ಕರಡಿ ಬಾಯಿ ತೆರೆದುಕೊಂಡು ಗಂಟೆಗಟ್ಟಲೆ ಈಜುತ್ತ ನೀರಿನ ಹುಳುಗಳನ್ನು ಹಿಡಿದು ತಿನ್ನುವುದನ್ನು ಕಂಡವರಿದ್ದರು. ಇಂಥ ಬದುಕನ್ನೇ ಪ್ರಕೃತಿ ಆಯ್ದು ಆಯ್ದು ಮುಂದುವರಿಸಿದರೆ ಕೊನೆಗೊಂದು ದಿನ ತಿಮಿಂಗಿಲದಂಥ ಜೀವಿ ಹುಟ್ಟುವುದು ಕಷ್ಟವೇನಲ್ಲ ಎಂಬುದು ಆತನ ತರ್ಕ. ಜನ ನಕ್ಕರು. ಮುಂದಿನ ಮುದ್ರಣಗಳಲ್ಲಿ ಆ ಮಾತು ಕುಗ್ಗಿ ಕರಗಿತು. ಕರಡಿ ಎಂಬುದು ತಪ್ಪು, ನಿಜ. ಆದರೆ ನೆಲದ ಸಸ್ತನಿಯೊಂದು ನೀರಿಗಿಳಿದು ತಿಮಿಂಗಿಲವಾಯಿತು ಎಂಬ ಎಲುಬು ಎಷ್ಟು ಗಟ್ಟಿಯಾಗಿತ್ತು!

ಆ ಎಲುಬಿಗೆ ಮಾಂಸ ತುಂಬಿದ್ದು ನಮ್ಮ ಉಪಖಂಡದ ಕಲ್ಲುಗಳು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ದಕ್ಷಿಣದಿಂದ ತೇಲಿಬಂದು ಏಷ್ಯಾಕ್ಕೆ ಒತ್ತಿಕೊಳ್ಳುತ್ತಿತ್ತು. ಹಿಮಾಲಯ ಇನ್ನೂ ಎದ್ದಿರಲಿಲ್ಲ. ಎರಡು ನೆಲಗಳ ನಡುವೆ ಟೆಥಿಸ್ ಎಂಬ ಬೆಚ್ಚನೆಯ, ಆಳವಿಲ್ಲದ ಕಡಲು ಕಿರಿದಾಗುತ್ತ ಹೋಗುತ್ತಿತ್ತು. ಆಹಾರ ತುಂಬಿ ತುಳುಕುತ್ತಿದ್ದ ಆ ದಂಡೆಗಳೇ ತಿಮಿಂಗಿಲಗಳ ತವರು. ಇವತ್ತಿನ ಪಾಕಿಸ್ತಾನದ ಬೆಟ್ಟಗಳು, ಜಮ್ಮುವಿನ ತಪ್ಪಲು, ಗುಜರಾತಿನ ಕಛ್.

1981ರಲ್ಲಿ ಪಳೆಯುಳಿಕೆ ವಿಜ್ಞಾನಿಗಳಾದ ಫಿಲಿಪ್ ಗಿಂಗರಿಚ್ ಮತ್ತು ಡೊನಾಲ್ಡ್ ರಸೆಲ್ ಪಾಕಿಸ್ತಾನದ ನದಿಯ ಮಣ್ಣು ಗಟ್ಟಿಯಾದ ಕೆಂಪು ಕಲ್ಲಿನಲ್ಲಿ ಸಿಕ್ಕ ಒಂದು ಬುರುಡೆಗೆ ಪ್ಯಾಕಿಸೀಟಸ್ ಎಂದು ಹೆಸರಿಟ್ಟರು. ಅದೇ ದಪ್ಪಗೋಡೆಯ ಕಿವಿ, ಆದರೆ ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿ, ನಾಯಿಗಿದ್ದ ಹಾಗೆ. ಕುಡಿದದ್ದು ಸಿಹಿನೀರು. 1994ರಲ್ಲಿ ಥೆವಿಸನ್ ಮತ್ತು ಪಾಕಿಸ್ತಾನದ ಜೊತೆಗಾರರು ಕಾಲಾಚಿಟ್ಟಾ ಬೆಟ್ಟದಿಂದ ಆಂಬ್ಯುಲೋಸೀಟಸ್ ಅನ್ನು ಹೊರತಂದರು. ಸುಮಾರು ಮೂರು ಮೀಟರ್ ಉದ್ದ, ಮೊಸಳೆಯಂಥ ಚೂಪು ಮೂತಿ, ಮೋಟು ಕೈಕಾಲು, ದೋಣಿಯ ಹುಟ್ಟಿನಂಥ ದೊಡ್ಡ ಹಿಂಗಾಲ ಪಾದ. ದಡದಲ್ಲಿ ತೆವಳಬಲ್ಲದು, ನೀರಲ್ಲಿ ಈಜಬಲ್ಲದು. ‘ಹೀಗೊಂದು ಪ್ರಾಣಿ ಇರಲೇಬೇಕು’ ಎಂದು ಶತಮಾನದಿಂದ ಊಹೆಯಲ್ಲಷ್ಟೇ ಇದ್ದ ಜೀವಿ ಕಲ್ಲಿನೊಳಗಿಂದ ಮೈಮುರಿದು ಎದ್ದುಬಂದಿತ್ತು.

ಕಛ್‌ನ ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಭಾರತೀಯ ವಿಜ್ಞಾನಿಗಳಾದ ಅಶೋಕ್ ಸಾಹ್ನಿ ಮತ್ತು ವಿ.ಪಿ. ಮಿಶ್ರಾ 1970ರ ದಶಕದಲ್ಲೇ, ಅಂದರೆ ಪ್ಯಾಕಿಸೀಟಸ್ ಸಿಗುವುದಕ್ಕೂ ಮೊದಲೇ, ಅಲ್ಲಿನ ಒಣಭೂಮಿಯಿಂದ ತಿಮಿಂಗಿಲದ ಪಳೆಯುಳಿಕೆಗಳನ್ನು ತೆಗೆದು ಬಣ್ಣಿಸಿದ್ದರು. 2000ದಲ್ಲಿ ಬಾಜಪೇಯಿ ಮತ್ತು ಥೆವಿಸನ್ ಅದೇ ನೆಲದ ಕಚ್ಚಿಸೀಟಸ್ ಎಂಬ ಪುಟ್ಟ ತಿಮಿಂಗಿಲವನ್ನು ಲೋಕಕ್ಕೆ ತೋರಿಸಿದರು. ಉದ್ದ ಮೂತಿ, ಗಿಡ್ಡ ಕಾಲು, ಬಲಿಷ್ಠ ಬಾಲ. ನೀರುನಾಯಿಯ ಹಾಗೆ ಈಜುತ್ತಿದ್ದಿರಬೇಕು. 2002ರಲ್ಲಿ ಈ ಹಳೆಯ ತಿಮಿಂಗಿಲಗಳ ಒಳಕಿವಿಯನ್ನು ಸ್ಕ್ಯಾನ್ ಮಾಡಿದಾಗ ಮತ್ತೊಂದು ಬೆರಗು ಹೊರಬಿತ್ತು. ನಮಗೆಲ್ಲ ಸಮತೋಲ ಕೊಡುವ ಅರೆಸುತ್ತಿನ ನಾಳಗಳು ಇವುಗಳಲ್ಲಿ ಅಷ್ಟು ಬೇಗನೆ ಕಿರಿದಾಗಿಬಿಟ್ಟಿದ್ದವು. ನೀರಿನಲ್ಲಿ ಉರುಳಿ ಹೊರಳುವವರಿಗೆ ಅಷ್ಟು ಸೂಕ್ಷ್ಮವಾದ ಸಮತೋಲ ತಲೆಸುತ್ತು ತರುತ್ತದೆ. ದೇಹದ ಹೊರರೂಪ ಇನ್ನೂ ನಾಲ್ಕು ಕಾಲಿನದೇ ಆಗಿದ್ದಾಗ ಕಿವಿಯ ಆಳದಲ್ಲಿ ಕಡಲು ಆಗಲೇ ಬಂದು ಕೂತಿತ್ತು!

ಈ ಮೂಳೆಗಳೆಲ್ಲ ಒಂದೊಂದಾಗಿ ಸಿಗುತ್ತಿದ್ದ ವರ್ಷಗಳಲ್ಲಿ ಒಂದು ಜಗಳವೂ ನಡೆದೇ ಇತ್ತು. ನೆಲದ ಮೇಲಿನ ಯಾವ ಕುಲದಿಂದ ತಿಮಿಂಗಿಲ ಹೊರಟಿತು? ಹಲ್ಲುಗಳನ್ನು ನೋಡಿದವರು, ಗಿಂಗರಿಚ್ ಕೂಡ, ಮೆಸೊನಿಕಿಡ್ ಎಂಬ, ಈಗ ನಾಶವಾಗಿರುವ ಮಾಂಸಾಹಾರಿ ಗೊರಸುಪ್ರಾಣಿಗಳತ್ತ ಬೆರಳು ತೋರಿಸುತ್ತಿದ್ದರು. ಡಿಎನ್ಎ ಓದಿದವರು ಬೇರೆಯೇ ಹೇಳುತ್ತಿದ್ದರು. ಜಪಾನಿನ ನೊರಿಹಿರೊ ಒಕಾಡ ಅವರ ತಂಡ 1997 ಮತ್ತು 1999ರಲ್ಲಿ ಹಿಡಿದ ಜಾಡು ಅದ್ಭುತವಾದದ್ದು. ಡಿಎನ್ಎಯೊಳಗೆ ತಮ್ಮ ನಕಲು ತಾವೇ ಮಾಡಿಕೊಂಡು ಇನ್ನೆಲ್ಲೋ ಹೋಗಿ ಸೇರಿಕೊಳ್ಳುವ ಪುಟ್ಟ ತುಣುಕುಗಳಿವೆ. ಎಲ್ಲಿ ಸೇರಿಕೊಳ್ಳುತ್ತವೆ ಎಂಬುದು ಬರೀ ಆಕಸ್ಮಿಕ. ಹಾಗಾಗಿ ಎರಡು ಪ್ರಾಣಿಗಳಲ್ಲಿ ಅದೇ ತುಣುಕು ಅದೇ ಜಾಗದಲ್ಲಿ ಕೂತಿದ್ದರೆ ಅದು ಇಬ್ಬರಿಗೂ ಒಬ್ಬನೇ ಪೂರ್ವಜನಿಂದ ಬಂದ ಗುರುತು. ಹಸು, ಜಿಂಕೆ, ನೀರಾನೆ, ತಿಮಿಂಗಿಲಗಳಲ್ಲಿ ಕೆಲವು ತುಣುಕುಗಳು ಒಂದೇ ಜಾಗದಲ್ಲಿದ್ದವು. ಒಂಟೆ, ಹಂದಿಗಳಲ್ಲಿ ಅವು ಇರಲಿಲ್ಲ. ಇನ್ನು ಕೆಲವು ನೀರಾನೆಗೂ ತಿಮಿಂಗಿಲಕ್ಕೂ ಮಾತ್ರ ಇದ್ದವು! ಅಂದರೆ ನೀರಾನೆ ಹಂದಿಗಿಂತ, ಹಸುವಿಗಿಂತ ತಿಮಿಂಗಿಲಕ್ಕೆ ಹತ್ತಿರ.

ಕಲ್ಲು ಹೇಳುವುದು ಒಂದು, ರಕ್ತ ಹೇಳುವುದು ಇನ್ನೊಂದು. ತೀರ್ಪು ಕೊಡಬೇಕಾದದ್ದು ಕಾಲಿನ ಹರಡಿನ ಒಂದು ಸಣ್ಣ ಮೂಳೆ.

ಹಸು, ಕುರಿ, ಮೇಕೆ, ಜಿಂಕೆ, ಹಂದಿ, ಒಂಟೆ, ನೀರಾನೆ. ಸಮಸಂಖ್ಯೆಯ ಬೆರಳಿನ ಈ ಗೊರಸುಪ್ರಾಣಿಗಳಿಗೆಲ್ಲ ಹಿಂಗಾಲಿನ ಹರಡಿನಲ್ಲಿ ಆಸ್ಟ್ರಾಗಲಸ್ ಎಂಬ ಮೂಳೆಯಿದೆ. ಬೇರೆ ಸಸ್ತನಿಗಳಲ್ಲಿ ಇದರ ಮೇಲ್ತುದಿ ಮಾತ್ರ ಬಾವಿಯ ರಾಟೆಯ ಹಾಗೆ ನಡುವೆ ತಗ್ಗಾಗಿ ಉರುಳುವಂತಿರುತ್ತದೆ. ಇವುಗಳಲ್ಲಿ ಮೇಲೂ ರಾಟೆ, ಕೆಳಗೂ ರಾಟೆ. ಕಾಲು ಹಿಂದೆ ಮುಂದೆ ಸಲೀಸಾಗಿ ಮಡಚುತ್ತದೆ, ಪಕ್ಕಕ್ಕೆ ತಿರುಚುವುದಿಲ್ಲ. ಓಟಕ್ಕೆ ಹೇಳಿ ಮಾಡಿಸಿದ ಕೀಲು. ಈ ಜೋಡಿರಾಟೆ ಬೇರೆ ಯಾವ ಸಸ್ತನಿ ಕುಲಕ್ಕೂ ಇಲ್ಲ. ಹಳೆಯ ತಿಮಿಂಗಿಲದ ಹರಡು ಸಿಕ್ಕಿದರೆ ಸಾಕಿತ್ತು, ವಾದ ಮುಗಿಯುತ್ತಿತ್ತು.

ಸಿಕ್ಕಿತು! ಬಲೂಚಿಸ್ತಾನದ ಕಲ್ಲಿನಲ್ಲಿ ಗಿಂಗರಿಚ್ ತಂಡಕ್ಕೆ ತಿಮಿಂಗಿಲದ ಅಸ್ಥಿಪಂಜರಗಳ ಜೊತೆಗೇ ಹರಡಿನ ಮೂಳೆಗಳೂ ದೊರೆತವು. ಮೇಲೂ ರಾಟೆ, ಕೆಳಗೂ ರಾಟೆ. ಅತ್ತ ಥೆವಿಸನ್ ತಂಡಕ್ಕೂ ಪ್ಯಾಕಿಸೀಟಸ್ ಬಳಗದ ಕಾಲುಗಳು ಸಿಕ್ಕಿದ್ದವು. ಅಲ್ಲೂ ಜೋಡಿರಾಟೆಯೇ. 2001ರ ಸೆಪ್ಟೆಂಬರಿನ ಒಂದೇ ವಾರದಲ್ಲಿ ಎರಡೂ ಲೇಖನಗಳು ‘ಸೈನ್ಸ್’ ಮತ್ತು ‘ನೇಚರ್’ ಪತ್ರಿಕೆಗಳಲ್ಲಿ ಅಚ್ಚಾದವು. ವರ್ಷಗಟ್ಟಲೆ ಮೆಸೊನಿಕಿಡ್ ಪಕ್ಷದಲ್ಲಿದ್ದ ಗಿಂಗರಿಚ್, ತಮ್ಮ ಕೈಯಾರೆ ತೆಗೆದ ಮೂಳೆಯನ್ನು ನಂಬಿ ಪಕ್ಷ ಬದಲಿಸಿದರು. ಪ್ರಯೋಗಾಲಯದ ಡಿಎನ್ಎ ಮತ್ತು ಬಲೂಚಿ ಮರುಭೂಮಿಯ ಕಲ್ಲು, ಒಂದನ್ನೊಂದು ಕೇಳದೆ, ಒಂದೇ ಹೆಸರು ಹೇಳಿದ್ದವು. ಒಂದು ಸಿದ್ಧಾಂತ ನಿಜವೆನ್ನಲು ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಯಾವುದಿದೆ ಹೇಳಿ.

ಈಗ ಅಜ್ಜಂಪುರದ ಕಾವಲಿಗೆ ಬನ್ನಿ. ಅಲ್ಲಿ ಮೇಯುವ ಅಮೃತಮಹಲ್ ದನದ ಹಿಂಗಾಲಲ್ಲಿ ಇರುವುದೂ ಅದೇ ಜೋಡಿರಾಟೆಯ ಮೂಳೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದು ಕಟ್ಟಿದ ದನದ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಸೇನೆಯ ತೋಪು, ಸಾಮಾನು ಎಳೆದುಕೊಂಡು ದಣಿಯದೆ ಬಿರುಸಾಗಿ ನಡೆಯುವ ಎತ್ತು ಬೇಕಿತ್ತು. ಹಳ್ಳಿಕಾರ್ ಮತ್ತು ಅದರ ಸಂಬಂಧದ ದನಗಳಲ್ಲಿ ಗಟ್ಟಿಮುಟ್ಟಾದ, ಚುರುಕಾದ ಹೋರಿಯನ್ನು ಆರಿಸಿ ಬಿಟ್ಟು, ಸೊರಗಿದ್ದನ್ನು ಬದಿಗಿಟ್ಟು, ತಲೆಮಾರಿಂದ ತಲೆಮಾರಿಗೆ ಕಾವಲುಗಳಲ್ಲಿ ತಳಿ ಕಟ್ಟಿದರು. ಹಾಲಿಗಾಗಿ ಅಲ್ಲ, ನಡೆಗಾಗಿ. ನೀಳ ಕೊಂಬಿನ ಆ ದನವನ್ನು ನೋಡಿದರೆ ಮನುಷ್ಯನ ಆಯ್ಕೆ ಒಂದು ದೇಹವನ್ನು ಎಷ್ಟರಮಟ್ಟಿಗೆ ತಿದ್ದಬಲ್ಲದು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಡಾರ್ವಿನ್ ತನ್ನ ಪುಸ್ತಕವನ್ನು ಆರಂಭಿಸಿದ್ದೇ ಇಲ್ಲಿಂದ. ಮೊದಲ ಅಧ್ಯಾಯದಲ್ಲಿ ಇರುವುದು ಪಳೆಯುಳಿಕೆಯಲ್ಲ, ಸಾಕುಪ್ರಾಣಿ. ಆತ ಮನೆಯಲ್ಲಿ ಪಾರಿವಾಳ ಸಾಕಿದ, ಲಂಡನ್ನಿನ ಪಾರಿವಾಳ ಪ್ರಿಯರ ಎರಡು ಸಂಘಗಳಿಗೆ ಸದಸ್ಯನಾದ. ಬೀಸಣಿಗೆ ಬಾಲದ್ದು, ಎದೆಯುಬ್ಬಿಸಿಕೊಳ್ಳುವುದು, ಹಾರುತ್ತಲೇ ಲಾಗ ಹಾಕುವುದು, ಎಲ್ಲವೂ ಒಂದೇ ಕಾಡು ಪಾರಿವಾಳದ ಸಂತತಿ ಎಂದು ಕಂಡುಕೊಂಡ. ಬೇರೆ ಬೇರೆ ಬಣ್ಣದ ತಳಿಗಳನ್ನು ಒಂದಕ್ಕೊಂದು ಕೂಡಿಸಿದಾಗ ಮೊಮ್ಮರಿಗಳಲ್ಲಿ ಕಾಡು ಪಾರಿವಾಳದ ಬೂದುನೀಲಿ ಬಣ್ಣವೂ ರೆಕ್ಕೆಯ ಕಪ್ಪು ಪಟ್ಟೆಯೂ ಮರಳಿ ಮೂಡಿದವು!

ಪಾರಿವಾಳ ಬೇಡ, ಸಂತೆಯ ತರಕಾರಿ ರಾಶಿಗೆ ಹೋಗಿ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ. ನಾಲ್ಕೂ ಒಂದೇ ಪ್ರಭೇದದ ಗಿಡ. ಮೆಡಿಟರೇನಿಯನ್ ಸೀಮೆಯ ಒಂದು ಕಾಡುಗಿಡದಲ್ಲಿ ಒಬ್ಬರು ಎಲೆ ನೋಡಿ ಬೀಜ ಉಳಿಸಿಕೊಂಡರು, ಇನ್ನೊಬ್ಬರು ಮೊಗ್ಗು ನೋಡಿ, ಮತ್ತೊಬ್ಬರು ಊದಿದ ಕಾಂಡ ನೋಡಿ. ಕೆಲವೇ ಸಾವಿರ ವರ್ಷಗಳಲ್ಲಿ ಒಂದೇ ಗಿಡ ನಾಲ್ಕು ಬೇರೆ ಪಲ್ಯಗಳಾಯಿತು.

ಇನ್ನೂ ಬೇಗ ಆಗಬಲ್ಲದೇ? ಸೋವಿಯತ್ ರಷ್ಯದಲ್ಲಿ ತಳಿವಿಜ್ಞಾನವೇ ನಿಷಿದ್ಧವಾಗಿದ್ದ ಕಾಲ. ತಳಿವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ ಅವರ ಅಣ್ಣ ನಿಕೊಲಾಯ್, ಅವರೂ ತಳಿವಿಜ್ಞಾನಿಯೇ, 1937ರಲ್ಲಿ ಗುಂಡಿಗೆ ಬಲಿಯಾಗಿದ್ದರು. ಆ ಭಯದ ನೆರಳಿನಲ್ಲೇ ದ್ಮಿತ್ರಿ 1959ರಲ್ಲಿ ಸೈಬೀರಿಯದಲ್ಲಿ ಲ್ಯುದ್ಮಿಲಾ ತ್ರೂಟ್ ಅವರ ಜೊತೆ ತುಪ್ಪಳಕ್ಕಾಗಿ ಸಾಕಿದ ಬೆಳ್ಳಿನರಿಗಳ ಮೇಲೆ ಪ್ರಯೋಗ ಆರಂಭಿಸಿದರು. ನಿಯಮ ಒಂದೇ. ಮನುಷ್ಯನ ಕೈ ಕಂಡರೆ ಹಲ್ಲು ಕಿರಿಯದ ಕೆಲವೇ ಮರಿಗಳಿಂದ ಮುಂದಿನ ಪೀಳಿಗೆ. ನಾಲ್ಕನೆಯ ತಲೆಮಾರಿಗೆ ಮರಿಗಳು ಬಾಲ ಅಲ್ಲಾಡಿಸತೊಡಗಿದವು. ಆರನೆಯ ತಲೆಮಾರಿಗೆ ಕುಂಯ್‌ಗುಟ್ಟುತ್ತ ಬಂದು ಕೈ ನೆಕ್ಕಿದವು. ಎಂಟು ಹತ್ತು ತಲೆಮಾರಿಗೆ ಜೋಲುಕಿವಿ, ಬಿಳಿ ಮಚ್ಚೆ, ಸುರುಳಿ ಬಾಲವೂ ಕಾಣಿಸಿಕೊಂಡವು. ಕೆನಡದ ಫಾರಂಗಳಿಂದ ಬಂದ ಆ ನರಿಗಳಲ್ಲಿ ಮಚ್ಚೆ, ಜೋಲುಕಿವಿಗಳಂಥ ಕೆಲವು ಗುಣಗಳು ಮೊದಲೇ ಇದ್ದಿರಬಹುದು ಎಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಅದು ಸರಿಯೇ. ಆದರೆ ಸ್ವಭಾವದ ಬದಲಾವಣೆಗೆ ಯಾರ ತಕರಾರೂ ಇಲ್ಲ. ಒಬ್ಬ ಮನುಷ್ಯನ ಆಯುಸ್ಸಿನೊಳಗೆ ಕಾಡಿನ ಸಿಡುಕು ಮಾಯವಾಗಿ ಅಕ್ಕರೆ ಹುಟ್ಟಿತು!

ಒಂದು ಆಯುಸ್ಸಿಗೆ ಇಷ್ಟು. ಇಂಡೋಹ್ಯೂಸ್ ಬಳಗದಿಂದ ಕಡಲನ್ನೇ ಮನೆ ಮಾಡಿಕೊಂಡ ತಿಮಿಂಗಿಲದವರೆಗೆ ಪ್ರಕೃತಿಗೆ ಸಿಕ್ಕಿದ್ದು ಸುಮಾರು ಒಂದು ಕೋಟಿ ವರ್ಷ. ಆ ಪಯಣದ ಕೊನೆಯ ಹಂತವನ್ನು ಕಾಣಲು ಈಜಿಪ್ಟಿನ ಮರುಭೂಮಿಗೆ, ವಾದಿ ಅಲ್ ಹಿತಾನ್ ಎಂಬ ತಿಮಿಂಗಿಲಗಳ ಕಣಿವೆಗೆ ಹೋಗಬೇಕು. ಮರಳಿನ ಮೇಲೆ ನೂರಾರು ತಿಮಿಂಗಿಲಗಳ ಅಸ್ಥಿಪಂಜರ ಬಿದ್ದಿರುವ ಆ ಜಾಗ 2005ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿನ ಬ್ಯಾಸಿಲೊಸಾರಸ್ ಹದಿನೈದು ಮೀಟರು ದಾಟುವ ಕಡಲಮೃಗ. ಅಮೆರಿಕದಲ್ಲಿ ಮೊದಲು ಸಿಕ್ಕ ಅದರ ಮೂಳೆಗಳಿಗೆ 1834ರಲ್ಲಿ ಹಲ್ಲಿಗಳ ರಾಜನೆಂದು ತಿಳಿದು ಇಟ್ಟ ಹೆಸರದು. ಅದು ಸಸ್ತನಿಯೆಂದು ತೋರಿಸಿಕೊಟ್ಟವನು ರಿಚರ್ಡ್ ಓವೆನ್ ಎಂಬ ವಿಜ್ಞಾನಿ. ಗಿಂಗರಿಚ್ ಮತ್ತು ಜೊತೆಗಾರರು 1989ರಲ್ಲಿ ಆ ಮರಳನ್ನು ಕೆದಕುತ್ತ ಹೋದರು. ಮೊದಲು ಮಂಡಿ ಸಿಕ್ಕಿತು. ಆಮೇಲೆ ಹರಡು, ಪಾದ, ಕೊನೆಗೆ ಬೆರಳು. ಅಷ್ಟು ದೊಡ್ಡ ದೇಹಕ್ಕೆ ಮೀಟರಿಗೂ ಕಡಿಮೆ ಉದ್ದದ ಎರಡು ಹಿಂಗಾಲು! ನಡೆಯಲು ಏನೇನೂ ಸಾಲದು, ಆದರೂ ಮಂಡಿಯಿಂದ ಬೆರಳಿನ ತನಕ ಎಲ್ಲವೂ ಇದೆ.

ಆ ಕಾಲು ಹೋದದ್ದೆಲ್ಲಿಗೆ? ಎಲ್ಲಿಗೂ ಹೋಗಿಲ್ಲ. ತಾಯಿಯ ಗರ್ಭದಲ್ಲಿ ಕೆಲವೇ ವಾರದ ಡಾಲ್ಫಿನ್ ಭ್ರೂಣಕ್ಕೆ ಇವತ್ತಿಗೂ ಹಿಂಗಾಲಿನ ಮೊಗ್ಗು ಚಿಗುರುತ್ತದೆ. ಒಂದೆರಡು ವಾರ ಬೆಳೆದು, ಮುಂದೆ ಬೆಳೆಯಲು ಅಪ್ಪಣೆ ಕೊಡಬೇಕಾದ ‘ಸಾನಿಕ್ ಹೆಜ್‌ಹಾಗ್’ ಎಂಬ ಜೀನ್ ಅಲ್ಲಿ ಚಾಲೂ ಆಗದೆ, ಕರಗಿಹೋಗುತ್ತದೆ. 2006ರಲ್ಲಿ ಇದನ್ನು ವಿವರಿಸಿದವರೂ ಥೆವಿಸನ್ ತಂಡದವರೇ. ಅದೇ ವರ್ಷದ ಅಕ್ಟೋಬರಿನಲ್ಲಿ ಜಪಾನಿನ ತೈಜಿಯ ಬೆಸ್ತರ ಬಲೆಗೆ ಒಂದು ಹೆಣ್ಣು ಡಾಲ್ಫಿನ್ ಬಿತ್ತು. ಹಿಂಗಾಲು ಇರಬೇಕಾದ ಜಾಗದಲ್ಲಿ ಅದಕ್ಕೆ ಅಂಗೈಯಷ್ಟು ದೊಡ್ಡ ಎರಡು ರೆಕ್ಕೆಗಳಿದ್ದವು! 1919ರಲ್ಲಿ ಕೆನಡದ ವ್ಯಾಂಕೂವರ್ ದ್ವೀಪದ ಹತ್ತಿರ ಹಿಡಿದ ಗೂನುಬೆನ್ನಿನ ತಿಮಿಂಗಿಲಕ್ಕಂತೂ ಒಂದು ಮೀಟರು ಮೀರಿದ ಹಿಂಗಾಲುಗಳಿದ್ದವು. ಕೋಟ್ಯಂತರ ವರ್ಷಗಳ ಹಿಂದೆ ಬಿಟ್ಟುಬಂದ ಕಾಲಿನ ವಿಧಾನ ಇವುಗಳ ಮೈಯೊಳಗೆ ಇನ್ನೂ ಬರೆದೇ ಇದೆ.

ಉಳಿದ ತಿಮಿಂಗಿಲಗಳಲ್ಲಿ ಹೆಚ್ಚಿನವಕ್ಕೆ ಸೊಂಟದ ಮೂಳೆ ಮಾತ್ರ ಇದೆ. ಬೆನ್ನುಮೂಳೆಗೆ ಅಂಟದೆ, ಮಾಂಸದೊಳಗೆ ಒಂಟಿಯಾಗಿ ಕೂತ ಎರಡು ಕಡ್ಡಿಗಳು. ಬಹಳ ಕಾಲ ಇವನ್ನು ಕೆಲಸಕ್ಕೆ ಬಾರದ ಉಳಿಕೆ ಎಂದೇ ತಿಳಿದಿದ್ದರು. 2014ರಲ್ಲಿ ಅಮೆರಿಕದ ಸಂಶೋಧಕರು ವಸ್ತುಸಂಗ್ರಹಾಲಯಗಳಲ್ಲಿದ್ದ ತಿಮಿಂಗಿಲ, ಡಾಲ್ಫಿನ್ನುಗಳ ಸೊಂಟದ ಮೂಳೆಗಳನ್ನು ಒಂದೊಂದಾಗಿ ಅಳೆದರು. ಒಂದು ಹೆಣ್ಣಿಗಾಗಿ ಹಲವು ಗಂಡುಗಳು ಪೈಪೋಟಿ ನಡೆಸುವ ಪ್ರಭೇದಗಳಲ್ಲಿ ಈ ಮೂಳೆ ದೊಡ್ಡದು. ಗಂಡಿನ ಜನನಾಂಗವನ್ನು ಅಲುಗಾಡಿಸುವ ಸ್ನಾಯುಗಳು ಅಂಟಿಕೊಂಡಿರುವುದು ಇದಕ್ಕೇ. ನಡಿಗೆಯ ಕೆಲಸ ಮುಗಿದರೂ ಮೂಳೆಗೆ ಬೇರೆ ಕೆಲಸ ಸಿಕ್ಕಿದೆ, ಆಯ್ಕೆ ಅದನ್ನು ಈಗಲೂ ತಿದ್ದುತ್ತಿದೆ.